ಕಡ್ಡಿ ಮೈಯೊಳಗೆ ಕದಡಿದ ರಕ್ತ

ನಾನು ಶಿರೂರಿನಲ್ಲಿದ್ದೇನೆ ಎಂದರೆ ಊರ ಕಡೆಯವರು ‘ಯಾವ ಶಿರೂರು?’ ಎಂದೇ ಕೇಳುತ್ತಾರೆ. ಉಡುಪಿ ಕಡೆಗೊಂದು, ಬಾಗಲಕೋಟೆ ಕಡೆಗೊಂದು, ಅಂಕೋಲಾದ ಹತ್ತಿರ ಇನ್ನೊಂದು ಇರುವಾಗ ತಪ್ಪು ಅವರದಲ್ಲ. ನನ್ನದು ಪುಣೆ ಜಿಲ್ಲೆಯ ಶಿರೂರು. ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು 70 ಕಿ.ಮೀ.ನಷ್ಟು ಬಂದರೆ ಘೋಡ್ ನದಿಯ ದಂಡೆಗೆ ಸಿಗುವ ತಾಲ್ಲೂಕು ಕೇಂದ್ರ. ಹಳಬರ ಬಾಯಲ್ಲಿ ಅದು ಇಂದಿಗೂ ಘೋಡನದಿ. ಗದಗ ಜಿಲ್ಲೆಯವನಾದ ನಾನು ಹುಬ್ಬಳ್ಳಿಯಲ್ಲಿ ಎಂ.ಟೆಕ್. ಮುಗಿಸಿ, ಪುಣೆಯಲ್ಲಿ ನಾಲ್ಕು ವರ್ಷ ಬಾಡಿಗೆ ಕಟ್ಟಿ, ಈಗ ಆರು ವರ್ಷದಿಂದ ಇಲ್ಲಿದ್ದೇನೆ. ರಾಂಜಣಗಾಂವ್ ಕೈಗಾರಿಕಾ ಪ್ರದೇಶದ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಯಂತ್ರಗಳು ದಿನವಿಡೀ ಓಡುತ್ತವೆ, ನಾನು ದಿನವಿಡೀ ಕೂತಿರುತ್ತೇನೆ.

ವಯಸ್ಸು 36. ಎತ್ತರ 5 ಅಡಿ 7 ಅಂಗುಲ, ತೂಕ 64 ಕೆ.ಜಿ. ಊರಿಗೆ ಹೋದಾಗಲೆಲ್ಲ ಅವ್ವ ಬಾಗಿಲಲ್ಲೇ ನಿಂತು, ‘ಎಷ್ಟ್ ಸೊರಗಿಯೋ ಯಪ್ಪಾ, ಅಲ್ಲೇನ್ ಊಟಾ ಸಿಗೂದಿಲ್ಲೇನು?’ ಎನ್ನುತ್ತಾಳೆ. ಹಾಗಾಗಿ ಕೊಬ್ಬು, ಕೊಲೆಸ್ಟರಾಲ್ ಎಂಬ ಮಾತುಗಳೆಲ್ಲ ಹೊಟ್ಟೆ ಬಂದವರಿಗೆ ಸಂಬಂಧಿಸಿದ್ದು ಎಂದು ನಾನು ಬಹಳ ಕಾಲ ನಂಬಿದ್ದೆ.

ಕಳೆದ ವರ್ಷ ಆಫೀಸಿನ ವಾರ್ಷಿಕ ತಪಾಸಣೆಗೆ ಹೋದಾಗ ಆ ನಂಬಿಕೆ ಹೋಯಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂಬ ಸಂದೇಶವನ್ನು ನಾನು ಓದಿರಲಿಲ್ಲ. ದಾರಿಯಲ್ಲಿ ಒಂದು ಪ್ಲೇಟ್ ಮಿಸಳ್, ನಾಲ್ಕು ಪಾವ್, ಸಕ್ಕರೆ ಚಹಾ ಮುಗಿಸಿಯೇ ಹೋಗಿದ್ದೆ. ರಕ್ತ ತೆಗೆದ ಹುಡುಗ ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕರೆದು ಎರಡು ನಳಿಕೆ ತೋರಿಸಿದ. ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಬೇರೊಬ್ಬರ ನಳಿಕೆಯಲ್ಲಿ ಆ ತಿಳಿ ಗೋಧಿ ಬಣ್ಣದ ನೀರಿನಂತಿತ್ತು. ನನ್ನದು ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು. ‘ಸಾಹೇಬ್, ಉಪವಾಸ ಮಾಡಿ ಇನ್ನೊಮ್ಮೆ ಬನ್ನಿ’ ಎಂದ ಮರಾಠಿಯಲ್ಲಿ.

ಆ ದಿನದ ಟ್ರೈಗ್ಲಿಸರೈಡ್ 412. ವಾರದ ನಂತರ 12 ತಾಸು ಉಪವಾಸವಿದ್ದು ಕೊಟ್ಟಾಗ 268. ಅದು 150ರ ಒಳಗಿರಬೇಕು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 33. ಗಂಡಸರಿಗೆ 40ರ ಮೇಲಿರಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.9, ಅಂದರೆ ಮಧುಮೇಹದ ಹೊಸ್ತಿಲು.

ನನ್ನ ಕೈ ನಡುಗಿದ್ದು ಅಂಕಿಗಳನ್ನು ನೋಡಿ ಅಲ್ಲ, ಡಾಕ್ಟರು ಕೇಳಿದ ಮುಂದಿನ ಪ್ರಶ್ನೆಗೆ: ‘ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ?’

ಅಪ್ಪನಿಗೆ. ಊರಿನ ನಮ್ಮ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಹೋದ. ಆಗ ಅವನಿಗೆ 51. ಬೀಡಿ ಸೇದಿದವನಲ್ಲ, ಕುಡಿದವನಲ್ಲ. ನನಗಿಂತಲೂ ತೆಳ್ಳಗಿದ್ದ. ‘ಇಂಥ ಕಡ್ಡಿಯಂಥಾ ಮನಿಷ್ಯಾಗ ಹಾರ್ಟ್ ಅಟ್ಯಾಕ್ ಹ್ಯಾಂಗಾತು?’ ಎಂದು ಅಂದು ಬಂದವರೆಲ್ಲ ಕೇಳಿದ್ದರು. ಯಾರ ಬಳಿಯೂ ಉತ್ತರವಿರಲಿಲ್ಲ. ನಾನು ಉತ್ತರ ಹುಡುಕಲು ಕೂತದ್ದು ಹದಿನಾರು ವರ್ಷ ತಡವಾಗಿ, ನನ್ನದೇ ವರದಿ ಕೈಯಲ್ಲಿ ಹಿಡಿದು.

ತಿಳಿ ಮಾಡುವ ವಸ್ತು

ನನ್ನ ನಳಿಕೆಯನ್ನು ಕದಡಿದ್ದು ಊಟದ ಕೊಬ್ಬು. ಎಣ್ಣೆ, ತುಪ್ಪ ನೀರಿನಲ್ಲಿ ಬೆರೆಯುವುದಿಲ್ಲವಲ್ಲ. ಹಾಗಾಗಿ ಕರುಳು ಅದನ್ನು ಪ್ರೋಟೀನಿನ ಹೊದಿಕೆಯ ಸಣ್ಣ ಗುಳಿಗೆಗಳಲ್ಲಿ ತುಂಬಿ ರಕ್ತಕ್ಕೆ ಕಳಿಸುತ್ತದೆ. ಇವಕ್ಕೆ ಕೈಲೊಮೈಕ್ರಾನ್ ಎಂದು ಹೆಸರು. ಇವು ಬೆಳಕನ್ನು ಚದುರಿಸುವಷ್ಟು ದೊಡ್ಡವು, ಅದಕ್ಕೇ ಹಾಲಿನ ಬಣ್ಣ. ಆರೋಗ್ಯವಂತನ ರಕ್ತವೂ ಜಿಡ್ಡಿನ ಊಟದ ಮೇಲೆ ಒಂದಿಷ್ಟು ಹೊತ್ತು ಹೀಗೆ ಮಸುಕಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ತಿಳಿ ಮಾಡುವವರು ಯಾರು?

ಉತ್ತರದ ಮೊದಲ ಸುಳಿವು ಸಿಕ್ಕಿದ್ದು 1943ರಲ್ಲಿ. ಅಮೆರಿಕದ ವಿಜ್ಞಾನಿ ಹಾನ್ ಅವರು, ಊಟದ ನಂತರ ರಕ್ತ ಮಸುಕಾಗಿದ್ದ ನಾಯಿಗಳಿಗೆ ಹೆಪಾರಿನ್ ಚುಚ್ಚಿದಾಗ ಆ ಮಸುಕು ಬೇಗನೆ ಮಾಯವಾದದ್ದನ್ನು ಕಂಡರು. ಹೆಪಾರಿನ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಕೊಬ್ಬನ್ನು ಅದು ಮುಟ್ಟುವುದೇ ಇಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಏನನ್ನೋ ಅದು ಸಡಿಲಿಸಿ ರಕ್ತಕ್ಕೆ ಬಿಟ್ಟಿತ್ತು. ಅದನ್ನು ಸುಮ್ಮನೆ ‘ತಿಳಿ ಮಾಡುವ ಅಂಶ’ ಎಂದು ಕರೆದರು. 1955ರಲ್ಲಿ ಕಾರ್ನ್ ಎಂಬ ವಿಜ್ಞಾನಿ ಅದೊಂದು ಕಿಣ್ವ ಎಂದು ತೋರಿಸಿ ಲಿಪೊಪ್ರೋಟೀನ್ ಲೈಪೇಸ್ ಎಂದು ಹೆಸರಿಟ್ಟರು. ಚಿಕ್ಕದಾಗಿ ಎಲ್‌ಪಿಎಲ್.

ಈ ಕಿಣ್ವದ ಕೆಲಸ ಅರ್ಥವಾಗಲು ನನಗೆ ಅಪ್ಪನ ಅಂಗಡಿಯೇ ಸಾಕಾಯಿತು. ಲಾರಿ ಬಂದು ನಿಂತರೆ ಸಾಮಾನು ತಾನಾಗಿ ಒಳಗೆ ಬರುವುದಿಲ್ಲ, ಹಮಾಲರು ಬೇಕು. ಕೈಲೊಮೈಕ್ರಾನ್ ಕೊಬ್ಬು ಹೊತ್ತ ಲಾರಿ, ರಕ್ತನಾಳ ರಸ್ತೆ, ಎಲ್‌ಪಿಎಲ್ ಹಮಾಲ. ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಗೋಡೆಯ ಮೇಲೆ ಈ ಹಮಾಲ ಕಾದು ನಿಂತಿರುತ್ತಾನೆ. ಲಾರಿ ಹತ್ತಿರ ಬಂದಾಗ ಟ್ರೈಗ್ಲಿಸರೈಡ್ ಎಂಬ ದೊಡ್ಡ ಮೂಟೆಯನ್ನು ಬಿಚ್ಚಿ, ಕೊಬ್ಬಿನಾಮ್ಲಗಳೆಂಬ ಸಣ್ಣ ಗಂಟುಗಳನ್ನಾಗಿ ಮಾಡಿ ಒಳಗಿನ ಜೀವಕೋಶಕ್ಕೆ ದಾಟಿಸುತ್ತಾನೆ. ಕರುಳಿನಿಂದ ಬರುವ ಲಾರಿ ಮಾತ್ರವಲ್ಲ, ಲಿವರ್ ಕಳಿಸುವ ವಿಎಲ್‌ಡಿಎಲ್ ಎಂಬ ಲಾರಿಯನ್ನೂ ಇಳಿಸುವವನು ಇವನೇ.

ವಿಶೇಷವೆಂದರೆ ಈ ಹಮಾಲ ಹುಟ್ಟುವುದು ರಕ್ತನಾಳದಲ್ಲಲ್ಲ. ಕೊಬ್ಬಿನ ಕೋಶ, ಕೈಕಾಲಿನ ಸ್ನಾಯು, ಹೃದಯದ ಸ್ನಾಯು ಅವನನ್ನು ತಯಾರಿಸುತ್ತವೆ. ಅಲ್ಲಿಂದ ಅವನನ್ನು ರಕ್ತನಾಳದ ಒಳಗೋಡೆಗೆ ಸಾಗಿಸಿ ಕಟ್ಟೆಯ ಮೇಲೆ ನಿಲ್ಲಿಸುವ ಇನ್ನೊಂದು ಪ್ರೋಟೀನ್ ಇದೆ. ಜಿಪಿಐಎಚ್‌ಬಿಪಿ1 ಎಂಬ ಬಾಯಿಗೆ ಸಿಗದ ಹೆಸರಿನ ಈ ಪ್ರೋಟೀನಿನ ಪಾತ್ರ ಗೊತ್ತಾಗಿದ್ದು 2007ರ ನಂತರವಷ್ಟೇ.

ಹೃದಯಕ್ಕೂ ಇದೇ ಹಮಾಲ

ಹೃದಯ ಅಂದರೆ ಗ್ಲೂಕೋಸ್ ಮೇಲೆ ಓಡುವ ಪಂಪು ಎಂದುಕೊಂಡಿದ್ದೆ. ಅದು ತನ್ನ ಇಂಧನದ ಅರ್ಧಕ್ಕಿಂತ ಹೆಚ್ಚನ್ನು ಪಡೆಯುವುದು ಕೊಬ್ಬಿನಾಮ್ಲಗಳಿಂದ. ನಿಮಿಷಕ್ಕೆ ಎಪ್ಪತ್ತು ಸಲ, ಒಂದು ರಜೆಯಿಲ್ಲದೆ ಬಡಿಯುವ ಈ ಸ್ನಾಯುವಿಗೆ ಎಲ್‌ಪಿಎಲ್ ಬಾಗಿಲಲ್ಲೇ ನಿಂತು ಸರಕು ಇಳಿಸಿಕೊಡುತ್ತದೆ.

ಇದು ಎಷ್ಟು ಮುಖ್ಯ ಎಂಬುದನ್ನು ವಿಜ್ಞಾನಿಗಳು ಇಲಿಗಳಲ್ಲಿ ಎರಡೂ ಕಡೆಯಿಂದ ಪರೀಕ್ಷಿಸಿದ್ದಾರೆ. ಹೃದಯದಲ್ಲಿ ಮಾತ್ರ ಈ ಕಿಣ್ವ ಇಲ್ಲದಂತೆ ಮಾಡಿದ ಇಲಿಗಳ ಹೃದಯ ಹೆಚ್ಚು ಗ್ಲೂಕೋಸ್ ಬಳಸಿ ಒಂದಿಷ್ಟು ಕಾಲ ನಿಭಾಯಿಸಿತು. ವಯಸ್ಸಾದಂತೆ ಅದರ ಕಸುವು ಕುಂದಿತು. ಇನ್ನೊಂದು ಪ್ರಯೋಗದಲ್ಲಿ ಹೃದಯದ ಕೋಶಗಳ ಮೇಲೆ ಕಿಣ್ವವನ್ನು ಬೇಕಾದ್ದಕ್ಕಿಂತ ಹೆಚ್ಚು ಕೂರಿಸಿದರು. ಆಗ ಉರಿಸಲಾಗದಷ್ಟು ಕೊಬ್ಬು ಒಳಗೆ ತುಂಬಿ ಹೃದಯ ಹಿಗ್ಗಿ ದುರ್ಬಲವಾಯಿತು. ಹಮಾಲರಿಲ್ಲದಿದ್ದರೂ ಅಂಗಡಿ ನಡೆಯದು; ಜಾಗ ನೋಡದೆ ಮೂಟೆ ತುಂಬಿದರೂ ನಡೆಯದು.

ರಕ್ತನಾಳದ ಕಥೆ ಇನ್ನೊಂದು. ಲಾರಿ ಪೂರ್ತಿ ಇಳಿಯದೆ ಅರೆಬರೆ ಸರಕಿನೊಂದಿಗೆ ತಿರುಗುತ್ತಿದ್ದರೆ ಅದನ್ನು ಉಳಿಕೆ ಕಣ ಎನ್ನುತ್ತಾರೆ. ತುಂಬಿದ ಲಾರಿಗಿಂತ ಈ ಉಳಿಕೆ ಹೆಚ್ಚು ಅಪಾಯ, ಏಕೆಂದರೆ ಅದು ಧಮನಿಯ ಗೋಡೆಯೊಳಗೆ ನುಸುಳುವಷ್ಟು ಸಣ್ಣದು. ಅದರಲ್ಲಿ ಕೊಲೆಸ್ಟರಾಲ್ ಕೂಡ ಇರುತ್ತದೆ. ಗೋಡೆಯೊಳಗಿನ ಬಿಳಿ ರಕ್ತಕಣಗಳು ಅದನ್ನು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ. ವರ್ಷಗಟ್ಟಲೆ ಹೀಗೆ ಸೇರಿದ್ದೇ ಧಮನಿಯ ಜಿಡ್ಡುಗಟ್ಟುವಿಕೆ. ಆ ಜಿಡ್ಡಿನ ಗಡ್ಡೆ ಒಡೆದು ರಕ್ತ ಹೆಪ್ಪುಗಟ್ಟಿದ ದಿನ ಹೃದಯಾಘಾತ. ಇಲ್ಲೂ ಒಂದು ಸೂಕ್ಷ್ಮವಿದೆ: ಆ ಬಿಳಿ ರಕ್ತಕಣಗಳು ಸಹ ಎಲ್‌ಪಿಎಲ್ ತಯಾರಿಸುತ್ತವೆ, ಅಲ್ಲಿ ಅದು ಜಿಡ್ಡು ಕೂಡಿಹಾಕಲು ನೆರವಾಗುತ್ತದೆ. ಸ್ನಾಯುವಿನ ಬಾಗಿಲಲ್ಲಿ ಉಪಕಾರಿಯಾದವನು ಧಮನಿಯ ಗೋಡೆಯೊಳಗೆ ಉಪದ್ರವಕಾರಿ.

ಗಡ್ಡೆ ಕಟ್ಟಲು ವರ್ಷಗಳು ಬೇಕು, ಆದರೆ ರಕ್ತನಾಳದ ನಡತೆ ಬದಲಾಗಲು ಒಂದು ಊಟ ಸಾಕು. 1997ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ಆರೋಗ್ಯವಂತರಿಗೆ ಒಂದು ದಿನ 50 ಗ್ರಾಂ ಕೊಬ್ಬಿರುವ ತಿಂಡಿ, ಇನ್ನೊಂದು ದಿನ ಅಷ್ಟೇ ಕ್ಯಾಲೊರಿಯ ಆದರೆ ಕೊಬ್ಬಿಲ್ಲದ ತಿಂಡಿ ಕೊಟ್ಟು ತೋಳಿನ ರಕ್ತನಾಳ ಹಿಗ್ಗುವುದನ್ನು ಅಳೆದರು. ಜಿಡ್ಡಿನ ತಿಂಡಿಯ ನಂತರ ನಾಲ್ಕು ತಾಸಿನವರೆಗೂ ರಕ್ತನಾಳ ಮೊದಲಿನಷ್ಟು ಹಿಗ್ಗಲಿಲ್ಲ. ನನ್ನ ಮಿಸಳ್-ಪಾವ್ ದಿನ ಒಳಗೆ ಏನು ನಡೆದಿರಬಹುದು ಎಂದು ಓದಿದಾಗ ಹೊಳೆಯಿತು.

ವಢು ಬುದ್ರುಕ್‌ನ ಕೂಸುಗಳು

ಆದರೂ ಅವ್ವನ ಕಣ್ಣಿಗೆ ಸೊರಗಿದವನ ರಕ್ತದಲ್ಲಿ ಇಷ್ಟು ಕೊಬ್ಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲಸ ನಡೆದದ್ದು ನಾನು ದಿನಾ ಓಡಾಡುವ ದಾರಿಯ ಬದಿಯಲ್ಲೇ ಎಂದು ತಿಳಿದಾಗ ಆಶ್ಚರ್ಯವಾಯಿತು.

ಪುಣೆಯ ಕೆಇಎಂ ಆಸ್ಪತ್ರೆಯ ಗ್ರಾಮೀಣ ಕೇಂದ್ರವಿರುವುದು ನಮ್ಮ ಶಿರೂರು ತಾಲ್ಲೂಕಿನ ವಢು ಬುದ್ರುಕ್‌ನಲ್ಲಿ, ಸಂಭಾಜಿ ಮಹಾರಾಜರ ಸಮಾಧಿ ಇರುವ ಊರಿನಲ್ಲಿ. ಇಲ್ಲಿಯ ಗ್ರಾಮೀಣ ಆರೋಗ್ಯ ಕೆಲಸವನ್ನು ಕಟ್ಟಿದವರು ಡಾ. ಬಾನೂ ಕೋಯಾಜಿ, 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನ ಶುರು ಮಾಡಿದರು. ಹೊಲದಲ್ಲಿ ದುಡಿಯುವ, ಬಾಕ್ರಿ ತಿನ್ನುವ ತೆಳ್ಳನೆಯ ತಾಯಂದಿರು. ಅವರ ಕೂಸುಗಳ ಸರಾಸರಿ ತೂಕ 2.7 ಕೆ.ಜಿ. ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕೆ.ಜಿ.

2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ ಅಂಶ ತೂಕವಲ್ಲ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಚಿಕ್ಕವು. ಆದರೆ ಬೆನ್ನಿನ ಚರ್ಮದ ಅಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಇಂಗ್ಲೆಂಡಿನ ಕೂಸಿನಷ್ಟೇ ಉಳಿದಿತ್ತು. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ‘ತೆಳು-ಕೊಬ್ಬಿನ ಭಾರತೀಯ’ ಎಂಬ ಮಾತು ಜಗತ್ತಿಗೆಲ್ಲ ಹರಡಿದ್ದು ಹೀಗೆ.

ಮರುವರ್ಷ ಡಾ. ಯಾಜ್ಞಿಕ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಪಕ್ಕದಲ್ಲಿ ಲಂಡನ್ನಿನ ಸ್ನೇಹಿತ ಡಾ. ಜಾನ್ ಯಡ್ಕಿನ್. ಇಬ್ಬರ ಬಿಎಂಐ ಒಂದೇ: 22.3. ಅಂದರೆ ಎತ್ತರಕ್ಕೆ ತಕ್ಕ ತೂಕ. ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನನ್ನ ಬಿಎಂಐ ಲೆಕ್ಕ ಹಾಕಿದೆ: 22ರ ಮೇಲೆ ಚೂರು. ಆ ಫೋಟೋದ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಇದು ಮರಾಠಿ ಮಣ್ಣಿನ ಕಥೆ ಮಾತ್ರವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಹೃದಯ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಧಮನಿಯ ಕಾಯಿಲೆ ಹೆಚ್ಚು. ಬರಗಾಲದ ಸೀಮೆಯಲ್ಲಿ, ಏಳು ಮಕ್ಕಳ ಮನೆಯಲ್ಲಿ ಕೊನೆಯವನಾಗಿ ಹುಟ್ಟಿದ ನನ್ನ ಅಪ್ಪನ ತೂಕವನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಅದು ಎಷ್ಟಿದ್ದೀತು ಎಂದು ಊಹಿಸಬಲ್ಲೆ.

ಈಗ ಹಮಾಲನ ಕಡೆಗೆ ಮರಳೋಣ. ಊಟವಾದ ಮೇಲೆ ಇನ್ಸುಲಿನ್ ಏರುತ್ತದೆ. ಅದು ಕೊಬ್ಬಿನ ಕೋಶಗಳ ಕಡೆಯ ಎಲ್‌ಪಿಎಲ್ ಅನ್ನು ಹೆಚ್ಚಿಸಿ, ಸ್ನಾಯುವಿನ ಕಡೆಯದನ್ನು ಕಡಿಮೆ ಮಾಡುತ್ತದೆ: ‘ಈಗ ಗೋದಾಮಿಗೆ ಇಳಿಸಿ’ ಎಂಬ ಆಜ್ಞೆ. ಉಪವಾಸದಲ್ಲಿ, ದುಡಿಮೆಯಲ್ಲಿ ಉಲ್ಟಾ: ‘ಸ್ನಾಯುವಿಗೆ, ಹೃದಯಕ್ಕೆ ಇಳಿಸಿ.’ ಇನ್ಸುಲಿನ್ ಮಾತಿಗೆ ಮೈ ಸರಿಯಾಗಿ ಓಗೊಡದ ಸ್ಥಿತಿಯಲ್ಲಿ ಗೋದಾಮಿನ ಹಮಾಲರು ಮಂಕಾಗುತ್ತಾರೆ. ಅತ್ತ ಲಿವರ್ ತಿಂದ ಸಕ್ಕರೆ, ಮೈದಾ, ಅನ್ನವನ್ನೂ ಕೊಬ್ಬಾಗಿಸಿ ಇನ್ನಷ್ಟು ಲಾರಿ ಕಳಿಸುತ್ತಿರುತ್ತದೆ. ಸಂಜೆ ಶಿಕ್ರಾಪುರದ ಚಾಕಣ ಚೌಕದಲ್ಲಿ ನಿಂತ ಟ್ರಕ್ಕುಗಳ ಸಾಲು ನೋಡಿದವರಿಗೆ ರಕ್ತದ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲೇ ಸ್ನಾಯು ಕಡಿಮೆ ಇರುವ ನಮ್ಮಂಥವರಿಗೆ ಸರಕು ಉರಿಸುವ ಬಾಗಿಲುಗಳೂ ಕಡಿಮೆ. ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಇಳಿಯುತ್ತದೆ ಎನ್ನುವುದು ದೊಡ್ಡದು; ತಕ್ಕಡಿ ಅದನ್ನು ತೋರಿಸುವುದಿಲ್ಲ.

ಕುರ್ಚಿಯ ಲೆಕ್ಕ

ನನ್ನಂಥ ಕುರ್ಚಿ ಕೆಲಸದವರು ಓದಲೇಬೇಕಾದ ಪ್ರಯೋಗವೊಂದಿದೆ. 2003ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಇಲಿಗಳ ಹಿಂಗಾಲಿಗೆ ಭಾರ ಬೀಳದಂತೆ ಮಾಡಿ, ಕಾಲಿನ ಸ್ನಾಯುವಿನ ಎಲ್‌ಪಿಎಲ್ ಅಳೆದರು. ಒಂದು ದಿನದೊಳಗೆ ಅದು ತೀರಾ ಕುಸಿಯಿತು. ಮತ್ತೆ ನಿಧಾನವಾಗಿ ನಡೆಸಿದಾಗ ಕೆಲವೇ ತಾಸಿನಲ್ಲಿ ಚೇತರಿಸಿಕೊಂಡಿತು. ಓಟ ಬೇಕಾಗಲಿಲ್ಲ, ನಡಿಗೆ ಸಾಕಾಯಿತು. ಮನುಷ್ಯರಲ್ಲೂ ಇದಕ್ಕೆ ಹೊಂದುವ ಸಂಗತಿ ಗೊತ್ತಿದೆ: ಹಿಂದಿನ ದಿನ ಬಿರುಸಾಗಿ ನಡೆದವರಲ್ಲಿ ಮರುದಿನದ ಜಿಡ್ಡಿನ ಊಟದ ನಂತರ ಟ್ರೈಗ್ಲಿಸರೈಡ್ ಅಷ್ಟು ಏರುವುದಿಲ್ಲ. ಆದರೆ ಈ ಲಾಭ ಒಂದೆರಡು ದಿನದಲ್ಲಿ ಕರಗುತ್ತದೆ. ಭಾನುವಾರ ಸಿಂಹಗಡ ಹತ್ತಿ ಫೋಟೋ ಹಾಕಿ, ಸೋಮವಾರದಿಂದ ಶನಿವಾರದವರೆಗೆ ಕೂತರೆ ಲೆಕ್ಕ ಸರಿಹೋಗದು.

ಗುಳಿಗೆ ಇಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಫೈಬ್ರೇಟ್ ಎಂಬ ಔಷಧಗಳು ಈ ಕಿಣ್ವದ ಕೆಲಸ ಹೆಚ್ಚಿಸುತ್ತವೆ, ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಗೇ ಅಪಾಯವಾದ್ದರಿಂದ ತಡಮಾಡುವುದಿಲ್ಲ ಎಂದರು. ಹುಟ್ಟಿನಿಂದಲೇ ಎಲ್‌ಪಿಎಲ್ ಇಲ್ಲದ ಅಪರೂಪದ ಜನರೂ ಇದ್ದಾರೆ; ಅವರಿಗಾಗಿ 2012ರಲ್ಲಿ ಯುರೋಪು ಗ್ಲೈಬೆರಾ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಬೆಲೆ ಸುಮಾರು ಹತ್ತು ಲಕ್ಷ ಯೂರೊ. ಕೊಳ್ಳುವವರಿಲ್ಲದೆ 2017ರಲ್ಲಿ ಅದು ಮಾರುಕಟ್ಟೆಯಿಂದ ಹೊರಬಿತ್ತು. ‘ನಿಮ್ಮ ಜೀನ್ ಸರಿಯಿದೆ, ನಿಮ್ಮ ಕುರ್ಚಿ ಸರಿಯಿಲ್ಲ. ಮೂರು ತಿಂಗಳು ನೋಡೋಣ, ಆಮೇಲೆ ಗುಳಿಗೆ’ ಎಂದರು ಡಾಕ್ಟರು. ಜೊತೆಗೆ ಎಲ್‌ಡಿಎಲ್ ಕೊಲೆಸ್ಟರಾಲ್, ರಕ್ತದೊತ್ತಡ, ತಂಬಾಕು ಇವುಗಳ ಲೆಕ್ಕ ಬೇರೆಯೇ ಇದೆ, ಟ್ರೈಗ್ಲಿಸರೈಡ್ ಇಳಿಯಿತೆಂದು ಅವನ್ನು ಮರೆಯಬಾರದು ಎಂದೂ ಎಚ್ಚರಿಸಿದರು.

ನಾನು ಮಾಡಿದ್ದು ಇಷ್ಟು. ದಿನಕ್ಕೆ ಐದು ಸಕ್ಕರೆ ಚಹಾ ಇದ್ದದ್ದನ್ನು ಸಕ್ಕರೆಯಿಲ್ಲದ ಎರಡಕ್ಕೆ ಇಳಿಸಿದೆ. ವಡಾಪಾವ್, ಬಿಸ್ಕತ್ತು ಬಿಟ್ಟು ರಾತ್ರಿ ಜೋಳದ ರೊಟ್ಟಿಗೆ ಮರಳಿದೆ. ಹಿಟ್ಟು ಇಲ್ಲಿಯ ಸಂತೆಯಲ್ಲೇ ಸಿಗುತ್ತದೆ. ಪ್ರತಿ ತಾಸಿಗೆ ಎದ್ದು ಕಾರ್ಖಾನೆಯ ಒಂದು ಸುತ್ತು ಹಾಕುತ್ತೇನೆ. ಬೆಳಿಗ್ಗೆ ನಲವತ್ತು ಬಸ್ಕಿ. ಮಗಳು ಎಣಿಸುತ್ತಾಳೆ, ಅವಳಿಗೆ ನಾಲ್ಕು ವರ್ಷ, ಇಪ್ಪತ್ತರ ನಂತರ ಮತ್ತೆ ಹನ್ನೊಂದಕ್ಕೆ ಬರುತ್ತಾಳೆ, ಹಾಗಾಗಿ ಕೆಲವು ದಿನ ಅರವತ್ತಾಗುತ್ತದೆ. ರಾತ್ರಿ ಊಟವಾದ ಮೇಲೆ ನದಿಯ ಕಡೆ ಅರ್ಧ ತಾಸು ನಡಿಗೆ. ಮೂರು ತಿಂಗಳಿಗೆ 268 ಇದ್ದದ್ದು 204, ಆರು ತಿಂಗಳಿಗೆ 171. ಇನ್ನೂ 150ರ ಒಳಗೆ ಬಂದಿಲ್ಲ. ತೂಕ ಇಳಿದದ್ದು ಒಂದೇ ಕೆ.ಜಿ.

ಅಪ್ಪನಿಗೂ ಎಲ್‌ಪಿಎಲ್ ಮಂಕಾಗಿತ್ತೇ ಎಂದು ಹೇಳುವ ಯಾವ ವರದಿಯೂ ಇಲ್ಲ. ಅವನು ಜೀವಮಾನದಲ್ಲಿ ಒಮ್ಮೆಯೂ ಇಂಥ ಪರೀಕ್ಷೆ ಮಾಡಿಸಿದವನಲ್ಲ. ತೆಳ್ಳಗಿದ್ದನಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಹೃದಯಾಘಾತದ ಕಾರಣಗಳನ್ನು 52 ದೇಶಗಳಲ್ಲಿ ಹುಡುಕಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತವಾದ ವಯಸ್ಸು ಸರಾಸರಿ 53. ಉಳಿದ ಜಗತ್ತಿನಲ್ಲಿ ಸುಮಾರು 59. ಈ ಆರು ವರ್ಷ ಕಾಗದದ ಮೇಲೆ ಸಣ್ಣದು. ಅಪ್ಪ ಇನ್ನು ಆರು ವರ್ಷ ಇದ್ದಿದ್ದರೆ ನನ್ನ ಎಂ.ಟೆಕ್. ಪದವಿ ನೋಡುತ್ತಿದ್ದ, ತಮ್ಮನ ಓದು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ಆ ತಮ್ಮ ಈಗ ಅಪ್ಪನ ಗಾದಿಯ ಮೇಲೆ ಕೂರುತ್ತಾನೆ. ವಯಸ್ಸು 33. ನನ್ನ ಎರಡನೇ ವರದಿ ಬಂದ ದಿನವೇ ಅವನಿಗೆ ಫೋನ್ ಮಾಡಿದೆ.

‘ನಾ ಬರೇ 58 ಕೆ.ಜಿ. ಅದೀನಿ ಅಣ್ಣಾ, ನನಗ್ಯಾಕ ಟೆಸ್ಟು?’

‘ಅಪ್ಪ ಎಷ್ಟ್ ಕೆ.ಜಿ. ಇದ್ದ?’

ಆ ಕಡೆ ಸುಮಾರು ಹೊತ್ತು ಮಾತಿಲ್ಲ. ‘ನಾಳೆ ಮುಂಜಾನೆ ಹೋಗ್ತೀನಿ’ ಅಂದ.

ಹೋದ. ವರದಿಯ ಫೋಟೋ ಕಳಿಸಿದ: ಟ್ರೈಗ್ಲಿಸರೈಡ್ 231. ಅಂದಿನಿಂದ ರಾತ್ರಿ ಒಂಬತ್ತಕ್ಕೆ ಅವನು ಅಂಗಡಿಯ ಬಾಗಿಲು ಹಾಕಿ ಊರಿನ ಬಜಾರದಲ್ಲಿ, ನಾನು ಇಲ್ಲಿ ಘೋಡ್ ನದಿಯ ದಂಡೆಯಲ್ಲಿ, ಫೋನ್ ಕಿವಿಗೆ ಹಚ್ಚಿಕೊಂಡು ಜೊತೆಗೇ ನಡೆಯುತ್ತೇವೆ. ಅಂಗಡಿಯ ವ್ಯಾಪಾರ, ಅವ್ವನ ಮಂಡಿನೋವು, ಮಗಳ ಎಣಿಕೆ, ಎಲ್ಲ ಮಾತಾಗುತ್ತದೆ. ಊರು ಬಿಟ್ಟ ಮೇಲೆ ನಾವಿಬ್ಬರೂ ದಿನಾ ಇಷ್ಟು ಮಾತಾಡಿದ್ದೇ ಇಲ್ಲ. ಮುಂದಿನ ತಿಂಗಳು ಇಬ್ಬರದೂ ಪರೀಕ್ಷೆಯಿದೆ, ಒಂದೇ ದಿನ.

ನೀವೂ ತೆಳ್ಳಗಿದ್ದೀರಾದರೆ, ಮನೆಯಲ್ಲಿ ಯಾರಾದರೂ ಬೇಗ ಹೋಗಿದ್ದರೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಊರಲ್ಲಿರುವ ಅಣ್ಣತಮ್ಮ, ಅಕ್ಕತಂಗಿಯರಿಗೂ ಮಾಡಿಸಲು ಹೇಳಿ.